ಸಿಗರೇಟು ಬಿಡಿಸೋದು, ಹೊಟ್ಟೆ ಇಳಿಸೋದು: ನಮ್ಮ ಬಡಾವಣೆಯಲ್ಲಿ ಏನು ಮಾಡಬಹುದು?

ಉಣಕಲ್ ಕೆರೆ ದಂಡಿ

ಎಲ್ಲರಿಗೂ ನಮಸ್ಕಾರ್ರೀ. ಒಂದು ಸಲಹೆ ಬೇಕಿತ್ತು. ನಮ್ಮ ಬಡಾವಣೆ ಸಂಘದಲ್ಲಿ ಈ ಸಲ ಗಣಪತಿ ಪಟ್ಟಿ ಹಣ ಸ್ವಲ್ಪ ಉಳಿದಿದೆ. ಅದನ್ನು ಜನರ ಆರೋಗ್ಯಕ್ಕೆ ಖರ್ಚು ಮಾಡೋಣ ಅಂತ ಮೀಟಿಂಗಿನಲ್ಲಿ ಎಲ್ಲರೂ ಒಪ್ಪಿದರು. ಒಪ್ಪಿದ್ದು ಅಷ್ಟೇ. ಯಾವುದಕ್ಕೆ ಅಂತ ಬಂದಾಗ ಜಗಳ ಶುರುವಾಯಿತು.

ಈವರೆಗೆ ಬಂದ ಐಡಿಯಾ ಎರಡು. ಒಂದು, ಸರ್ಕಲ್‌ನಲ್ಲಿ 'ಧೂಮಪಾನ ಬಿಡಿ' ಅಂತ ದೊಡ್ಡ ಫ್ಲೆಕ್ಸ್. ಅದರಲ್ಲಿ ಮುಕ್ಕಾಲು ಭಾಗ ಪದಾಧಿಕಾರಿಗಳ ಫೋಟೊ ಇರುತ್ತದೆ, ಅದು ಬೇರೆ ಮಾತು. ಇನ್ನೊಂದು, ತೂಕ ಇಳಿಸುವ ಸ್ಪರ್ಧೆ. ಪ್ರತಿ ರವಿವಾರ ಗುಡಿ ಮುಂದಿನ ಕಟ್ಟೆ ಮೇಲೆ ಎಲ್ಲರ ಎದುರು ತೂಕ ನೋಡೋದು, ಮೂರು ತಿಂಗಳಲ್ಲಿ ಜಾಸ್ತಿ ಇಳಿಸಿದವರಿಗೆ ಮಿಕ್ಸರ್ ಬಹುಮಾನ.

ನನಗೆ ಎರಡೂ ಸರಿ ಕಾಣುತ್ತಿಲ್ಲ. ಆದರೆ ಬೇರೆ ಏನು ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ. ಗೊತ್ತಿದ್ದವರು ಹೇಳಿ. 'ಮನಸ್ಸು ಗಟ್ಟಿ ಇರಬೇಕು' ಅನ್ನುವ ಉತ್ತರ ಮಾತ್ರ ಬೇಡ. ಅದು ಮೀಟಿಂಗಿನಲ್ಲೇ ಬೇಕಾದಷ್ಟು ಸಿಕ್ಕಿದೆ.

ಗಿರ್ಮಿಟ್ ಪ್ರಿಯ

ದುಡ್ಡು ಉಳಿದಿದ್ದರೆ ಎಲ್ಲರಿಗೂ ಮಿರ್ಚಿ-ಗಿರ್ಮಿಟ್ ಪಾರ್ಟಿ ಇಡ್ರಿ. ಜನ ಖುಷಿಯಾಗಿರೋದೂ ಆರೋಗ್ಯಾನೇ ಅಲ್ವಾ?

ನಿವೃತ್ತ ಡಾಕ್ಟರು, ಧಾರವಾಡ

ಸಂಘದವರು ಹಣ ತೆಗೆದಿಟ್ಟಿದ್ದೇ ದೊಡ್ಡದು. ಆದರೆ ಕಟ್ಟೆ ಮೇಲೆ ತೂಕ ನೋಡುವ ಕೆಲಸ ದಯವಿಟ್ಟು ಬೇಡ. ಅಲ್ಲಿಗೆ ಯಾರು ಬರುತ್ತಾರೆ ಹೇಳಿ? ಈಗಾಗಲೇ ದಿನಾ ವಾಕಿಂಗ್ ಹೋಗುವವರು ಬರುತ್ತಾರೆ. ನಿಜವಾಗಿ ತೂಕ ಜಾಸ್ತಿ ಇರುವವರು ಆ ದಿನ ಬೀಗರ ಮನೆಗೆ ಹೋಗುತ್ತಾರೆ. ಬಂದವರಲ್ಲೂ ಕೆಲವರು ಬಹುಮಾನಕ್ಕಾಗಿ ಉಪವಾಸ ಬಿದ್ದು ಇಳಿಸುತ್ತಾರೆ, ಆರು ತಿಂಗಳಲ್ಲಿ ಮತ್ತೆ ಅಷ್ಟೇ ಆಗುತ್ತಾರೆ.

ಒಂದೆರಡು ಅಂಕಿ ಹೇಳುತ್ತೇನೆ, ಮೀಟಿಂಗಿನಲ್ಲಿ ಉಪಯೋಗಕ್ಕೆ ಬಂದೀತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2015-16ರ ಸುತ್ತಿನಲ್ಲಿ ನಮ್ಮ ರಾಜ್ಯದ ನೂರು ಹೆಣ್ಣುಮಕ್ಕಳಲ್ಲಿ ಸುಮಾರು 23 ಮಂದಿಗೆ, ಗಂಡಸರಲ್ಲಿ 22 ಮಂದಿಗೆ ತೂಕ ಜಾಸ್ತಿ ಇತ್ತು. 2019-21ರ ಸುತ್ತಿನಲ್ಲಿ ಎರಡೂ ಕಡೆ 30 ದಾಟಿತು. ಈಗ ನೀವೇ ಹೇಳಿ, ಅಷ್ಟೇ ವರ್ಷದಲ್ಲಿ ಇಡೀ ಕರ್ನಾಟಕದ ಜನರ ಮನಸ್ಸು ಒಮ್ಮೆಲೇ ಸಡಿಲಾಯಿತಾ? ಮನಸ್ಸು ಅದೇ ಇದೆ. ಓಣಿ ಬದಲಾಗಿದೆ. ಹಾಲು ತರಲು ಗಾಡಿ, ಮನೆ ಬಾಗಿಲಿಗೆ ಪಾರ್ಸೆಲ್, ದಿನವಿಡೀ ಕುರ್ಚಿ ಕೆಲಸ, ಹತ್ತು ರೂಪಾಯಿಗೆ ಕುರುಕಲು ಪ್ಯಾಕೆಟ್.

ತಂಬಾಕಿನ ಲೆಕ್ಕ ಉಲ್ಟಾ ಇದೆ ನೋಡಿ. ರಾಜ್ಯದಲ್ಲಿ ತಂಬಾಕು ಬಳಸುವ ದೊಡ್ಡವರು 2009-10ರಲ್ಲಿ ನೂರಕ್ಕೆ 28.2 ಇದ್ದರು, 2016-17ಕ್ಕೆ 22.8ಕ್ಕೆ ಇಳಿದರು. ನಡುವೆ ಏನಾಯಿತು? 2013ರ ಮೇ 31ಕ್ಕೆ ಗುಟ್ಕಾ ನಿಷೇಧ ಬಂತು. ತೆರಿಗೆ ಏರುತ್ತಾ ಹೋಯಿತು. 2016ರ ಏಪ್ರಿಲ್‌ನಿಂದ ಪ್ಯಾಕಿನ ಶೇ 85 ಜಾಗಕ್ಕೆ ಆ ಭಯಂಕರ ಚಿತ್ರ ಬಂತು. ಇವುಗಳಿಂದಲೇ ಇಳಿಯಿತು ಅಂತ ಆಣೆ ಮಾಡಿ ಹೇಳಲಾರೆ. ಆದರೆ ಯಾರೋ ಫ್ಲೆಕ್ಸ್ ಹಾಕಿದ್ದರಿಂದ ಇಳಿಯಲಿಲ್ಲ ಅನ್ನೋದಂತೂ ಖಾತ್ರಿ.

ಪಾನ್‌ಶಾಪ್ ಗಲ್ಲಾಪೆಟ್ಟಿಗೆ

ಡಾಕ್ಟರ್ ಸಾಹೇಬ್ರ ಮಾತು ಆಯ್ತು, ಅಂಗಡಿಯವನ ಮಾತೂ ಕೇಳ್ರಿ.

ನಂದು ಹುಬ್ಬಳ್ಳಿಯಲ್ಲಿ ಒಂದು ಕಾಲೇಜಿನಿಂದ ಸ್ವಲ್ಪ ದೂರ ಅಂಗಡಿ. ಪೂರ್ತಿ ಪ್ಯಾಕ್ ಒಯ್ಯುವವರು ಬೆರಳೆಣಿಕೆ. ಉಳಿದವರೆಲ್ಲ ಬಿಡಿ ಸಿಗರೇಟು. 'ಒಂದು ಕೊಡಣ್ಣ' ಅಂತಾರೆ. ನಾನು ಪ್ಯಾಕ್ ಒಡೆದು ಡಬ್ಬಿಗೆ ಸುರಿದು ಇಟ್ಟಿರುತ್ತೇನೆ, ಕೈ ಹಾಕಿ ಒಂದು ತೆಗೆದು ಕೊಡುತ್ತೇನೆ. ಕಂಬಕ್ಕೆ ದಾರ ಕಟ್ಟಿ ಲೈಟರ್ ಇಳಿಬಿಟ್ಟಿದೆ. ಹಚ್ಚಿಕೊಂಡು, ಒಂದು ಚಾ ಕುಡಿದು, ಬಾಯಿಗೆ ಒಂದು ಚಾಕೊಲೇಟ್ ಹಾಕಿಕೊಂಡು ಹೋಗುತ್ತಾರೆ. ಹುಡುಗರ ವಯಸ್ಸು ಕೇಳಿದರೆ 'ಅಪ್ಪಗ ತಗೊಂಡು ಹೊಂಟೇನ್ರೀ' ಅನ್ನೋದೊಂದು ಕಾಯಂ ಉತ್ತರ. ಅಪ್ಪ ಪಾಪ ದಿನಕ್ಕೆ ಎಷ್ಟು ಸೇದ್ತಾನೋ!

ಒಂದು ವರ್ಷ ಶಾಲೆ ಮಕ್ಕಳು ಗುಲಾಬಿ ಆಂದೋಲನ ಅಂತ ಬಂದು ಗುಲಾಬಿ ಹೂವು ಕೊಟ್ಟು 'ಅಂಕಲ್, ತಂಬಾಕು ಮಾರಬೇಡಿ' ಅಂದರು. ಮನಸ್ಸಿಗೆ ಹಿತ ಅನಿಸಿತು, ಸುಳ್ಳು ಹೇಳಲ್ಲ. ಹೂವನ್ನು ಲಕ್ಷ್ಮಿ ಫೋಟೊಕ್ಕೆ ಏರಿಸಿ ಮತ್ತೆ ವ್ಯಾಪಾರ ಮಾಡಿದೆ. ಏನು ಮಾಡ್ಲಿ? ಬಾಡಿಗೆ ಕಟ್ಟಬೇಕು. ನಾನು ಬಿಟ್ಟರೆ ಎದುರಿನವನು ಮಾರುತ್ತಾನೆ. ನಿಲ್ಲಿಸೋದಾದರೆ ಇಡೀ ಓಣಿಗೇ ಒಮ್ಮೆ ನಿಲ್ಲಿಸಿ, ನನಗೇನೂ ತಕರಾರಿಲ್ಲ.

ವಕೀಲರ ಓಣಿ

ಅಣ್ಣಾರ, ನೀವು ಹೇಳಿದ ಆ ಡಬ್ಬಿಯಲ್ಲೇ ವಿಷಯ ಇದೆ. 85 ಶೇಕಡಾ ಚಿತ್ರಕ್ಕಾಗಿ ಎಷ್ಟು ಬಡಿದಾಟ ಆಯಿತು ಗೊತ್ತಾ? ಕಂಪನಿಗಳು ಕೋರ್ಟಿಗೆ ಹೋದವು. 2017ರ ಡಿಸೆಂಬರ್‌ನಲ್ಲಿ ನಮ್ಮ ರಾಜ್ಯದ ಹೈಕೋರ್ಟೇ ಆ ನಿಯಮ ರದ್ದು ಮಾಡಿತು. ಮರು ತಿಂಗಳೇ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿದ್ದಕ್ಕೆ ಚಿತ್ರ ಉಳಿಯಿತು. ಅಷ್ಟೆಲ್ಲ ಆಗಿ ಉಳಿದ ಚಿತ್ರವನ್ನು ಬಿಡಿ ಸಿಗರೇಟು ಸೇದುವವನು ನೋಡೋದೇ ಇಲ್ಲ. ಪ್ಯಾಕಿನ ಮೇಲೆ ಚಟ ಬಿಡಿಸುವ ಸಹಾಯವಾಣಿ ನಂಬರೂ ಇರುತ್ತದೆ, ಅದೂ ಅವನ ಕಣ್ಣಿಗೆ ಬೀಳಲ್ಲ. ತೆರಿಗೆ ಏರಿದರೂ ಒಂದಕ್ಕೆ ಒಂದೋ ಎರಡೋ ರೂಪಾಯಿ ಜಾಸ್ತಿ, ಅದು ಬಿಸಿ ಮುಟ್ಟಲ್ಲ. ಬಿಡಿ ಮಾರಾಟ ಒಂದು ಸಾಕು, ಉಳಿದ ಮೂರೂ ಉಪಾಯ ನೀರಿಗೆ ಹೋದ ಹಾಗೆ.

ಕಾನೂನು ಈಗ ಬಿಗಿಯಾಗಿದೆ. ತಂಬಾಕು ಮಾರಾಟ-ಬಳಕೆಗೆ ಕಡಿವಾಣ ಹಾಕುವ 2003ರ ಕೇಂದ್ರ ಕಾಯ್ದೆಗೆ ನಮ್ಮ ರಾಜ್ಯ ತಂದ ತಿದ್ದುಪಡಿ 2025ರ ಮೇ ಕೊನೆಗೆ ಜಾರಿಗೆ ಬಂತು. 21 ತುಂಬದವರಿಗೆ ಮಾರಬಾರದು, ಮೊದಲು 18 ಇತ್ತು. ಬಿಡಿಬಿಡಿಯಾಗಿ ಮಾರಬಾರದು. ಸಾರ್ವಜನಿಕ ಜಾಗದಲ್ಲಿ ಸೇದಿದರೆ ದಂಡ 200ರಿಂದ 1,000 ರೂಪಾಯಿಗೆ ಏರಿದೆ. ಹುಕ್ಕಾ ಬಾರ್ ನಡೆಸಿದರೆ ಜೈಲು. ದಾರಕ್ಕೆ ಕಟ್ಟಿದ ಲೈಟರ್ ಇದೆಯಲ್ಲ, 2008ರ ನಿಯಮದ ಪ್ರಕಾರ ಸೇದಲು ಅನುಕೂಲ ಮಾಡಿಕೊಡುವ ಅಂಥ ಸಾಮಾನು ಸಾರ್ವಜನಿಕ ಜಾಗದಲ್ಲಿ ಇಡಲೇಬಾರದು.

ಪಾನ್‌ಶಾಪ್ ಗಲ್ಲಾಪೆಟ್ಟಿಗೆ

ಲೈಟರ್ ವಿಷಯ ಇವತ್ತೇ ಗೊತ್ತಾಯ್ತು ನೋಡ್ರಿ. ಕಾಯ್ದೆ ಮಾಡುವವರು ಅಂಗಡಿಗೆ ಬಂದು ಹೇಳಲ್ಲ, ದಂಡ ಹಾಕುವವರು ಮಾತ್ರ ಬರುತ್ತಾರೆ. ಗುಟ್ಕಾ ನಿಷೇಧ ಅಂದರು. ಕಂಪನಿ ಏನು ಮಾಡಿತು? ಪಾನ್ ಮಸಾಲಾ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ. ಗಿರಾಕಿ ಎರಡನ್ನೂ ಹರಿದು ಅಂಗೈಯಲ್ಲಿ ಕಲಸಿ ಬಾಯಿಗೆ ಹಾಕಿಕೊಳ್ಳುತ್ತಾನೆ. ದೊಡ್ಡವರಿಗೆ ದಾರಿ ಇದೆ, ನಮಗೆ ದಂಡ ಇದೆ.

ನವನಗರ ಲಾಸ್ಟ್ ಸ್ಟಾಪ್

ಸೇದಿ ಬಿಟ್ಟವನು ನಾನು. ಒಂದು ಮಾತು ಹೇಳಲೇಬೇಕು, ಯಾಕಂದರೆ ಈ ಚರ್ಚೆಯ ಎರಡೂ ವಿಷಯ ನನ್ನ ಮೈಮೇಲೇ ನಡೆದಿವೆ.

ಬಿಟ್ಟ ಮೇಲೆ ದಪ್ಪ ಆದೆ. ನಿಕೋಟಿನ್ ಹಸಿವನ್ನು ಅದುಮಿ ಇಟ್ಟಿರುತ್ತದೆ, ಮೈ ಸುಡುವ ಶಕ್ತಿಯನ್ನೂ ಸ್ವಲ್ಪ ಏರಿಸಿರುತ್ತದೆ. ಬಿಟ್ಟ ಕೂಡಲೇ ನಾಲಿಗೆಗೆ ರುಚಿ ವಾಪಸ್ ಬರುತ್ತದೆ, ಕೈಗೆ ಕೆಲಸ ಇರಲ್ಲ, ಶೇಂಗಾ-ಚುರಮುರಿ-ಬಿಸ್ಕಿಟ್ ಅಂತ ಬಾಯಿ ಆಡುತ್ತಲೇ ಇರುತ್ತದೆ. ಮೊದಲ ವರ್ಷ ಸರಾಸರಿ ನಾಲ್ಕೈದು ಕಿಲೊ ಏರೋದು ಸಹಜ ಅಂತ ಆಮೇಲೆ ಡಾಕ್ಟರು ಹೇಳಿದರು. ಮೊದಲೇ ಯಾರೂ ಹೇಳಿರಲಿಲ್ಲ. ಆಫೀಸಿನಲ್ಲಿ 'ಏನ್ರೀ, ಸಿಗರೇಟು ಬಿಟ್ಟು ಕುಂಬಳಕಾಯಿ ಆದ್ರಲ್ಲ' ಅಂತ ಒಬ್ಬರು ನಗಾಡಿದರು. ಅವತ್ತು ಸಂಜೆ ನಾನು ನೇರ ಪಾನ್‌ಶಾಪ್‌ಗೆ ಹೋಗಿ ನಿಂತಿದ್ದೆ. ಬೆನ್ನು ತಟ್ಟಬೇಕಾದ ಹೊತ್ತಿಗೆ ಹೊಟ್ಟೆ ನೋಡಿ ನಗುವವರು ಇರುತ್ತಾರೆ, ಏನು ಮಾಡೋದು.

ಕೊನೆಗೆ ಕೈ ಹಿಡಿದಿದ್ದು ಎರಡು. ಒಂದು ನಿಕೋಟಿನ್ ಗಮ್. ಅದನ್ನು ಎಲ್ಲರೂ ಚೂಯಿಂಗ್ ಗಮ್ ಥರ ಜಗಿದು ಜಗಿದು ನುಂಗುತ್ತಾರೆ, ಬಿಕ್ಕಳಿಕೆ ಬರುತ್ತದೆ, ಹೊಟ್ಟೆ ಉರಿಯುತ್ತದೆ, 'ಇದು ನಡಿಯಲ್ಲ' ಅಂತ ಬಿಸಾಡುತ್ತಾರೆ. ನಿಧಾನ ನಾಲ್ಕೈದು ಸಲ ಜಗಿದು, ಖಾರ ಅಥವಾ ಚುರುಚುರು ಅನಿಸಿದ ಕೂಡಲೇ ಕೆನ್ನೆ-ವಸಡಿನ ನಡುವೆ ಒತ್ತಿ ಇಡಬೇಕು. ಚುರುಚುರು ನಿಂತ ಮೇಲೆ ಮತ್ತೆ ಜಗಿಯಬೇಕು. ಅರ್ಧ ತಾಸು ಹೀಗೆ. ಅದಕ್ಕಿಂತ ಕಾಲು ತಾಸು ಮೊದಲು ಚಾ, ಕಾಫಿ, ಸೋಡಾ ಕುಡಿಯಬಾರದು, ಕುಡಿದರೆ ಔಷಧಿ ಸರಿಯಾಗಿ ಹೀರಲ್ಲ. ನಮ್ಮೂರಲ್ಲಿ ಚಾ ಇಲ್ಲದ ಕಾಲು ತಾಸು ಹುಡುಕೋದೇ ಕಷ್ಟ.

ಎರಡನೇದು ಫೋನ್. ರಾಷ್ಟ್ರೀಯ ಸಹಾಯವಾಣಿ 1800-11-2356. ದುಡ್ಡು ಕಟ್ ಆಗಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಇದರ ಕೇಂದ್ರ ಇದೆ, ಕನ್ನಡದಲ್ಲಿ ಮಾತಾಡಬಹುದು. ಬಿಡುವ ತಾರೀಕು ಗೊತ್ತು ಮಾಡಿಸಿ, ಆಮೇಲೆ ಅವರೇ ವಾಪಸ್ ಫೋನ್ ಮಾಡಿ ಕೇಳಿದರು. ಮನೆಯವರು ಕೇಳಿದರೆ ಜಗಳ ಆಗುತ್ತದೆ, ಪರಕೀಯರು ಕೇಳಿದರೆ ನಿಜ ಹೇಳುತ್ತೇವೆ. ಮೊದಲ ಮೂರು ದಿನ ಬಹಳ ತ್ರಾಸು. ಎರಡು ಮೂರು ವಾರ ದಾಟಿದರೆ ಸಲೀಸು.

ಗಿರ್ಮಿಟ್ ಪ್ರಿಯ

ಅಣ್ಣಾ, ನಾಲ್ಕೈದು ಕಿಲೊ ಏರುತ್ತೆ ಅಂದರೆ ಸೇದೋದೇ ಮೇಲಲ್ವಾ? ಸುಮ್ನೆ ಕೇಳಿದೆ.

ನಿವೃತ್ತ ಡಾಕ್ಟರು, ಧಾರವಾಡ

ಅಲ್ಲ. ಬಿಟ್ಟ ಒಂದು ವರ್ಷಕ್ಕೆ ಹೃದಯಾಘಾತದ ಹೆಚ್ಚಿನ ಅಪಾಯ ಅರ್ಧಕ್ಕೆ ಇಳಿಯುತ್ತದೆ. ನಾಲ್ಕು ಕಿಲೊ ತೂಕ ಅದರ ಮುಂದೆ ಏನೂ ಅಲ್ಲ. ಮೊದಲು ಸಿಗರೇಟು ಬಿಡಿ, ತೂಕ ಆಮೇಲೆ ನೋಡೋಣ.

ವಿದ್ಯಾನಗರ ಪಿಜಿ

ಒಬ್ಬರಾದರೂ ದಪ್ಪ ಇದ್ದವರನ್ನು ನೋಡಿ ನಗೋ ವಿಷಯ ಎತ್ತಿದಿರಲ್ಲ, ಥ್ಯಾಂಕ್ಸ್ ನವನಗರದ ಅಣ್ಣ. ನನ್ನ ತೂಕದ ಬಗ್ಗೆ ನನಗಿಂತ ಜಾಸ್ತಿ ನಮ್ಮ ಓಣಿಗೆ ಚಿಂತೆ. ಮದುವೆಗೆ ಹೋದರೆ ಊಟ ಬಡಿಸುವವರು ಹೋಳಿಗೆ ಮೇಲೆ ಹೋಳಿಗೆ ಹಾಕುತ್ತಾರೆ, ಬೇಡ ಅಂದರೆ ಸಿಟ್ಟಾಗುತ್ತಾರೆ. ಕೈ ತೊಳೆದು ಬಂದ ಕೂಡಲೇ ಅದೇ ಅತ್ತಿ 'ಸ್ವಲ್ಪ ಇಳಸವ್ವಾ' ಅಂತಾರೆ.

ವಾಕಿಂಗ್ ಹೋಗು ಅನ್ನೋದು ಸುಲಭ. ಕೆಲಸ ಮುಗಿದು ಬರುವಾಗ ಏಳು ಗಂಟೆ. ನಾನಿರುವ ಕಡೆ ಪಾರ್ಕಿನ ಹಿಂದಿನ ಅರ್ಧ ಭಾಗ ಕತ್ತಲೆ. ಅಲ್ಲೇ ಹುಡುಗರು ಗಾಡಿ ನಿಲ್ಲಿಸಿ ಸೇದುತ್ತಾ ಕೂತಿರುತ್ತಾರೆ. ಫುಟ್‌ಪಾತ್ ಮೇಲೆ ಗಾಡಿ, ಮರಳು, ಟ್ರಾನ್ಸ್‌ಫಾರ್ಮರ್. ಹೆಣ್ಣುಮಕ್ಕಳು ಎಲ್ಲಿ ನಡೆಯಬೇಕು? ಆ ಹಣದಲ್ಲಿ ನಾಲ್ಕು ಲೈಟು ಹಾಕಿಸಿ. ಬೆಳಕು ಬಂದರೆ ನಾವೂ ನಡೆಯುತ್ತೇವೆ, ಸೇದುವವರೂ ಜಾಗ ಖಾಲಿ ಮಾಡುತ್ತಾರೆ.

ಉಣಕಲ್ ಕೆರೆ ದಂಡಿ

ಲೈಟಿನ ಮಾತು ನಮ್ಮ ಮೀಟಿಂಗಿನಲ್ಲಿ ಯಾರಿಗೂ ಹೊಳೆದಿರಲೇ ಇಲ್ಲ. ಮೀಟಿಂಗಿನಲ್ಲಿ ಹೆಣ್ಣುಮಕ್ಕಳೂ ಇರಲಿಲ್ಲ, ಅದೂ ಕಾರಣ ಇರಬಹುದು.

ವೇದಿಕೆ ನಿರ್ವಾಹಕ

ತೂಕ ಇಳಿಸುವ ಪೌಡರ್ ಜಾಹೀರಾತು ಹಾಕಿದ್ದವರ ಪೋಸ್ಟ್ ತೆಗೆದಿದ್ದೇವೆ. ಮತ್ತೆ ಹಾಕಿದರೆ ಖಾತೆಯೇ ಬಂದ್.

ಹಾವೇರಿ ಮೆಣಸಿನಕಾಯಿ

ಪೌಡರ್ ಬಿಡಿ, ಈಗ ತೂಕ ಇಳಿಸುವ ಇಂಜೆಕ್ಷನ್ ಬಂದಿದೆಯಂತಲ್ಲ? ವಾರಕ್ಕೊಂದು ಚುಚ್ಚಿಸಿಕೊಂಡರೆ ಮುಗೀತಂತೆ. ಇಷ್ಟೆಲ್ಲ ತಲೆಬಿಸಿ ಯಾಕೆ?

ನಿವೃತ್ತ ಡಾಕ್ಟರು, ಧಾರವಾಡ

2025ರಲ್ಲಿ ಅಂಥ ಎರಡು ಇಂಜೆಕ್ಷನ್ ನಮ್ಮ ದೇಶದ ಮಾರುಕಟ್ಟೆಗೆ ಬಂದವು, ಟಿರ್ಜೆಪಟೈಡ್ ಮತ್ತು ಸೆಮಾಗ್ಲುಟೈಡ್. ಕೆಲಸ ಮಾಡುತ್ತವೆ, ನಿಜ. ಆದರೆ ಡಾಕ್ಟರು ಬರೆದುಕೊಟ್ಟರೆ ಮಾತ್ರ. ನಿಲ್ಲಿಸಿದರೆ ತೂಕದ ದೊಡ್ಡ ಪಾಲು ವಾಪಸ್ ಬರುತ್ತದೆ. ಓಣಿಗೆಲ್ಲ ಚುಚ್ಚಿಸುವ ಯೋಜನೆ ಅಲ್ಲ ಅದು.

ಗಿರ್ಮಿಟ್ ಪ್ರಿಯ

ಎಲ್ಲ ಸರಿ, ಆದರೆ ಮಿರ್ಚಿ ಮೇಲೆ ಕಣ್ಣು ಹಾಕಬೇಡ್ರಿ. 2025ರ ಜುಲೈನಲ್ಲಿ ಸಮೋಸಾ-ಜಿಲೇಬಿಗೂ ಸಿಗರೇಟಿನ ಹಾಗೆ ಎಚ್ಚರಿಕೆ ಚೀಟಿ ಅಂಟಿಸುತ್ತಾರೆ ಅಂತ ಟೀವಿಯಲ್ಲಿ ಬಂದಾಗ ಎದೆ ಧಸಕ್ ಅಂದಿತ್ತು. ನಾಳೆ ಧಾರವಾಡ ಪೇಢೆ ಡಬ್ಬಿ ಮೇಲೂ ಹಲ್ಲು ಹುಳುಕಿನ ಚಿತ್ರ ಬಂದರೆ?

ದುರ್ಗದಬೈಲ್ ಬಾಣಲೆ

ಅದು ಸುಳ್ಳು ಸುದ್ದಿ ಆಗಿತ್ತು ತಮ್ಮಾ. ಆಫೀಸುಗಳಲ್ಲಿ ಎಣ್ಣೆ-ಸಕ್ಕರೆ ಎಷ್ಟಿದೆ ಅಂತ ತಿಳಿಸುವ ಬೋರ್ಡ್ ಹಾಕಿ ಅಂದಿದ್ದರು, ತಿಂಡಿ ಮೇಲೆ ಚೀಟಿ ಅಲ್ಲ ಅಂತ ಸರ್ಕಾರವೇ ಹೇಳಿತು.

ನಾನು ಎಣ್ಣೆ ತಿಂಡಿ ಮಾಡುವವನು. ಮಿರ್ಚಿ ತಿನ್ನಬೇಡಿ ಅಂತ ನಾನಂತೂ ಹೇಳಲ್ಲ. ಆದರೆ ಎಣ್ಣೆ ನೋಡಿ ತಿನ್ನಿ. ಬಾಣಲೆ ಅಂಚಿಗೆ ನೊರೆ ಕಟ್ಟಿ ಇಳಿಯದೆ ನಿಂತರೆ, ಎಣ್ಣೆ ಕರ್ರಗೆ ಕಾಕಂಬಿ ಬಣ್ಣಕ್ಕೆ ಬಂದಿದ್ದರೆ, ಹಿಟ್ಟು ಬಿಡುವ ಮೊದಲೇ ಹೊಗೆ ಏಳುತ್ತಿದ್ದರೆ ಅಲ್ಲಿ ತಿನ್ನಬೇಡಿ. ಎಣ್ಣೆ ಕಾದು ಕಾದು ಅದರಲ್ಲಿ ಹುಟ್ಟುವ ಕೆಟ್ಟ ಅಂಶವನ್ನು ಅಳೆಯಬಹುದು. ಅದು ಶೇ 25 ದಾಟಿದರೆ ಆ ಎಣ್ಣೆ ಬಳಸಬಾರದು ಅಂತ 2018ರಿಂದ ನಿಯಮ ಇದೆ. ಹಳೆ ಎಣ್ಣೆಯನ್ನು ಬಯೋಡೀಸೆಲ್ ಮಾಡುವವರು ಕೊಳ್ಳುತ್ತಾರೆ. ಗೊತ್ತಿಲ್ಲದೆ ಎಷ್ಟೋ ಜನ ಅದನ್ನೇ ಇನ್ನೊಬ್ಬ ಸಣ್ಣ ಗಾಡಿಯವನಿಗೆ ಮಾರುತ್ತಾರೆ.

ಇನ್ನು ಮನೆ ಲೆಕ್ಕ. ದಿನಕ್ಕೆ ಒಬ್ಬರಿಗೆ 20ರಿಂದ 30 ಗ್ರಾಂ ಎಣ್ಣೆ ಸಾಕು ಅನ್ನುತ್ತಾರೆ. ನಾಲ್ಕು ಮಂದಿ ಮನೆಗೆ ತಿಂಗಳಿಗೆ ಮೂರು ಲೀಟರ್ ಚಿಲ್ಲರೆ. ನಮ್ಮ ಮನೆಯಲ್ಲಿ ಐದು ಲೀಟರ್ ಕ್ಯಾನ್ ತಿಂಗಳ ಕೊನೆವರೆಗೂ ಬರಲ್ಲ. ಅಂಗಡಿ ಮಿರ್ಚಿ ವಾರಕ್ಕೊಮ್ಮೆ. ಮನೆ ಒಗ್ಗರಣೆ ದಿನಾ.

ವಕೀಲರ ಓಣಿ

ಮಿರ್ಚಿಗಿಂತ ತಂಪು ಪಾನೀಯ ನೋಡಿ. ಕೋಲಾ ಥರದವುಗಳಲ್ಲಿ 100 ಮಿಲಿಗೆ ಹತ್ತು ಗ್ರಾಂ ಮೇಲೆ ಸಕ್ಕರೆ. 250 ಮಿಲಿ ಬಾಟ್ಲಿ ಅಂದರೆ ಐದಾರು ಚಮಚ. ಇಡೀ ದಿನಕ್ಕೆ 25 ಗ್ರಾಂ ಸಾಕು ಅನ್ನುವಾಗ ಒಂದು ಬಾಟ್ಲಿಗೇ ಕೋಟಾ ಮುಗೀತು. ಬ್ರಿಟನ್‌ನಲ್ಲಿ 2018ರಿಂದ ಸಕ್ಕರೆ ಎಷ್ಟಿದೆ ಅನ್ನೋದರ ಮೇಲೆ ತೆರಿಗೆ ಹಾಕಿದರು. ಕಂಪನಿಗಳು ತೆರಿಗೆ ತಪ್ಪಿಸಿಕೊಳ್ಳಲು ಸಕ್ಕರೆಯನ್ನೇ ಕಡಿಮೆ ಮಾಡಿದವು. ಗಿರಾಕಿಗೆ ಯಾರೂ ಉಪದೇಶ ಮಾಡಬೇಕಾಗಲಿಲ್ಲ. ನಮ್ಮಲ್ಲಿ ಇಂಥ ಪಾನೀಯಕ್ಕೆ ಶೇ 40 ಜಿಎಸ್‌ಟಿ ಇದೆ. ಆದರೆ ಸಕ್ಕರೆ ಇರಲಿ ಇಲ್ಲದಿರಲಿ ಗ್ಯಾಸ್ ಪಾನೀಯಕ್ಕೆಲ್ಲ ಒಂದೇ ದರ. ಹಾಗಾದರೆ ಕಂಪನಿ ಸಕ್ಕರೆ ಯಾಕೆ ಇಳಿಸುತ್ತದೆ?

ಗದಗ ಪ್ಯಾಸೆಂಜರ್

ತೆರಿಗೆ ಮಾತು ಬಂತಲ್ಲ, ಬೀಡಿ ಯಾಕೆ ಯಾರ ಬಾಯಲ್ಲೂ ಬರಲ್ಲ? ನಮ್ಮ ಕಡೆ ಹೊಲದಲ್ಲಿ ದುಡಿಯುವವರು, ಹಮಾಲರು ಸೇದೋದು ಬೀಡಿ. ಅದರ ಹೊಗೆ ಏನು ತುಳಸಿ ಹೊಗೆಯಾ? 2025ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ಮಂಡಳಿ ಸಿಗರೇಟಿಗೆ 40 ಅಂದಿತು, ಬೀಡಿಗೆ ಮಾತ್ರ 28ರಿಂದ 18ಕ್ಕೆ ಇಳಿಸುವ ತೀರ್ಮಾನ ಮಾಡಿತು.

ಕಾರಣವೂ ಗೊತ್ತು. ನಮ್ಮ ದೊಡ್ಡಮ್ಮ ಬೀಡಿ ಸುತ್ತುತ್ತಿದ್ದರು. ಮೊರದಲ್ಲಿ ಎಲೆ, ತಂಬಾಕು, ದಾರ ಹಾಕಿ ಮೊಣಕಾಲ ಮೇಲೆ ಇಟ್ಟುಕೊಂಡು ಕೂತರೆ ಏಳೋದು ಸಂಜೆಗೇ. ಸಾವಿರಕ್ಕೆ ಇಷ್ಟು ಅಂತ ಕೂಲಿ. ಎಲೆ ಹರಿದಿದ್ದರೆ, ಸೈಜ್ ಸರಿ ಇಲ್ಲದಿದ್ದರೆ ಗುತ್ತಿಗೆಯವನು ಹಿಡಿ ಹಿಡಿ ತೆಗೆದು ಬದಿಗೆ ಹಾಕುತ್ತಿದ್ದ, ಅದಕ್ಕೆ ಕೂಲಿ ಇಲ್ಲ. ಸೇದದ ಅವರಿಗೂ ಕೆಮ್ಮು. ತೆರಿಗೆ ಇಳಿಸಿದರೆ ಆ ಹೆಣ್ಣುಮಕ್ಕಳಿಗೆ ಒಳ್ಳೇದು ಅಂತಾರೆ. ಇಳಿಸಿದ ದುಡ್ಡು ಅವರ ಸೆರಗಿಗೆ ಬರುತ್ತದೆ ಅಂತ ನಾನು ನಂಬಲ್ಲ. ತೆರಿಗೆ ಏರಿಸಿ, ಆ ದುಡ್ಡಲ್ಲಿ ಅವರಿಗೆ ಬೇರೆ ಕೆಲಸ ಕಲಿಸಿ. ಎರಡನ್ನೂ ಕೂಡಿಯೇ ಮಾಡಬೇಕು, ಬರೀ ಮೊದಲನೇದು ಮಾಡಿದರೆ ದೊಡ್ಡಮ್ಮನಂಥವರು ಬೀದಿಗೆ ಬರುತ್ತಾರೆ.

ಆಶಾ ಕಾರ್ಯಕರ್ತೆ, ಹಳೇ ಹುಬ್ಬಳ್ಳಿ ಕಡೆ

ಬಹಳ ಹೊತ್ತಿನಿಂದ ಓದ್ತಾ ಇದೀನಿ. ನಮ್ಮ ಕೆಲಸದಲ್ಲಿ ಇದೆಲ್ಲ ಮೊದಲೇ ಇದೆ ಅಂತ ಯಾರಿಗೂ ಗೊತ್ತಿಲ್ಲ ಅನಿಸ್ತು, ಅದಕ್ಕೆ ಬರೀತಿದೀನಿ.

30 ದಾಟಿದವರ ಮನೆಗೆ ಹೋಗಿ ನಾವು ಒಂದು ಫಾರಂ ತುಂಬುತ್ತೇವೆ. ವಯಸ್ಸು, ತಂಬಾಕು, ದಾರು, ಸೊಂಟದ ಸುತ್ತಳತೆ, ವಾರಕ್ಕೆ 150 ನಿಮಿಷ ಮೈ ಬಗ್ಗಿಸಿ ಕೆಲಸ ಮಾಡುತ್ತಾರಾ, ಮನೆಯಲ್ಲಿ ಯಾರಿಗಾದರೂ ಬಿಪಿ-ಶುಗರ್-ಹೃದಯದ ತೊಂದರೆ ಇದೆಯಾ. ಪ್ರತಿಯೊಂದಕ್ಕೂ ಅಂಕ. ತಂಬಾಕು ದಿನಾ ಬಳಸಿದರೆ 2, ಮೊದಲು ಬಳಸಿ ಬಿಟ್ಟಿದ್ದರೆ ಅಥವಾ ಅಪರೂಪಕ್ಕೆ ಆದರೆ 1. ಹೆಣ್ಣುಮಕ್ಕಳ ಸೊಂಟ 80 ಸೆಂಟಿಮೀಟರ್ ಒಳಗಿದ್ದರೆ ಸೊನ್ನೆ, 90 ದಾಟಿದರೆ 2. ಗಂಡಸರಿಗೆ 90 ಮತ್ತು 100. ಒಟ್ಟು 4ಕ್ಕಿಂತ ಜಾಸ್ತಿ ಬಂದರೆ ಅವರನ್ನು ಮೊದಲು ತಪಾಸಣೆಗೆ ಕಳಿಸುತ್ತೇವೆ. ತೂಕದ ಮಷಿನ್ ಬೇಡ, ಕಟ್ಟೆ ಬೇಡ. ಒಂದು ಟೇಪು ಸಾಕು.

ಟೇಪು ಹಿಡಿಯೋದೂ ಒಂದು ಕಲೆ. ಸೀರೆ ನೆರಿಗೆ ಮೇಲೆ ಅಳೆದರೆ ಎರಡು ಮೂರು ಇಂಚು ಜಾಸ್ತಿ ತೋರಿಸುತ್ತದೆ. ಪಕ್ಕೆಲುಬಿನ ಕೊನೆ ಮತ್ತು ಸೊಂಟದ ಮೂಳೆ, ಇವೆರಡರ ನಡುವೆ ಹಿಡಿಯಬೇಕು. ಗಂಡಸರು ಟೇಪು ಕಂಡ ಕೂಡಲೇ ಉಸಿರು ಎಳೆದು ಹೊಟ್ಟೆ ಒಳಗೆ ಹಾಕುತ್ತಾರೆ. ಆಗ ನಾನು 'ಕಾಕಾ, ಮೊಮ್ಮಗ ಯಾವ ಶಾಲೆ' ಅಂತ ಕೇಳುತ್ತೇನೆ. ಮಾತಾಡಲು ಉಸಿರು ಬಿಡಲೇಬೇಕಲ್ಲ, ಆಗ ಅಳೆಯುತ್ತೇನೆ.

ತಂಬಾಕು ಅಂದರೆ ನೀವೆಲ್ಲ ಸಿಗರೇಟು ಅಂತಲೇ ಮಾತಾಡುತ್ತಿದ್ದೀರಿ. ನಾನು ನೋಡುವ ಮನೆಗಳಲ್ಲಿ ಎಲಿ-ಅಡಿಕಿ ಜೊತೆ ತಂಬಾಕು ಹಾಕುವ ಅಜ್ಜಿಯರು, ಮಿಶ್ರಿಯಿಂದ, ಅಂದರೆ ಹುರಿದ ತಂಬಾಕಿನ ಪುಡಿಯಿಂದ, ಹಲ್ಲು ತಿಕ್ಕುವ ಅತ್ತೆಯರು ಇದ್ದಾರೆ. 'ತಂಬಾಕು ಬಳಸ್ತೀರಾ' ಅಂತ ಕೇಳಿದರೆ ಇಲ್ಲ ಅಂತಾರೆ. 'ಊಟ ಆದ ಮೇಲೆ ಎಲಿ ಹಾಕ್ತೀರಾ ಅತ್ತಿ' ಅಂತ ಕೇಳಿದರೆ ಸಂಚಿ ಬಿಚ್ಚಿ ನನಗೂ ಕೊಡೋಕೆ ಬರ್ತಾರೆ. ಬಾಯಲ್ಲಿ ಬಿಳಿ ಕಲೆ, ಬಾಯಿ ಪೂರ್ತಿ ತೆರೆಯೋಕೆ ಆಗದೇ ಇರೋದು, ಖಾರ ತಾಳದೇ ಇರೋದು ಕಂಡರೆ ತಡ ಮಾಡದೆ ದೊಡ್ಡ ಆಸ್ಪತ್ರೆಗೆ ಕಳಿಸುತ್ತೇವೆ.

ನಿವೃತ್ತ ಡಾಕ್ಟರು, ಧಾರವಾಡ

ಅಕ್ಕಾರೆ, ಆ ಸಂಚಿ ಪ್ರಶ್ನೆಯನ್ನು ನಮ್ಮ ಕಿರಿಯ ಡಾಕ್ಟರುಗಳಿಗೂ ಕಲಿಸಬೇಕು. ರಾಜ್ಯದಲ್ಲಿ ಸೇದುವವರಿಗಿಂತ ಜಗಿಯುವವರೇ ಸುಮಾರು ಎರಡು ಪಟ್ಟು.

ಉಣಕಲ್ ಕೆರೆ ದಂಡಿ

ನಿನ್ನೆ ಮತ್ತೆ ಮೀಟಿಂಗ್ ಆಯಿತು. ಈ ಚರ್ಚೆಯನ್ನು ಪ್ರಿಂಟ್ ತೆಗೆದು ಒಯ್ದಿದ್ದೆ. ಕಟ್ಟೆ ಮೇಲಿನ ತೂಕದ ಸ್ಪರ್ಧೆ ರದ್ದು. ಪಾರ್ಕಿನ ಹಿಂದಿನ ಭಾಗಕ್ಕೆ ಲೈಟು ಹಾಕಿಸೋದು ಪಾಸಾಯಿತು. ಕರೆಂಟ್ ಬಿಲ್ ಯಾರು ಕಟ್ಟಬೇಕು ಅಂತ ಅರ್ಧ ತಾಸು ಗುದ್ದಾಟ, ಕೊನೆಗೆ ಸೋಲಾರ್ ಅಂತ ಆಯಿತು. ನಮ್ಮ ಓಣಿಯಲ್ಲಿ ಐದು ಪಾನ್‌ಶಾಪ್ ಇವೆ. ಒಬ್ಬೊಬ್ಬರಿಗೆ ಹೇಳದೆ ಐದೂ ಜನರನ್ನು ಒಟ್ಟಿಗೆ ಚಾಕ್ಕೆ ಕರೆದು ಬಿಡಿ ಮಾರಾಟ, 21ರ ಮಾತು ಎತ್ತುತ್ತೇವೆ. ಜಿಲ್ಲಾ ತಂಬಾಕು ನಿಯಂತ್ರಣ ಕೋಶದವರನ್ನೂ ಕರೆಯುವ ವಿಚಾರ ಇದೆ. ದಂಡ ಹಾಕಲು ಅಲ್ಲ, ನಿಯಮ ತಿಳಿಸಲು.

ಪದಾಧಿಕಾರಿಗಳ ಫೋಟೊ ಮಾತ್ರ ಲೈಟಿನ ಕಂಬಕ್ಕೆ ಬರುತ್ತಂತೆ. ಬರಲಿ ಬಿಡಿ.

ಪಾನ್‌ಶಾಪ್ ಗಲ್ಲಾಪೆಟ್ಟಿಗೆ

ಐದೂ ಜನರನ್ನು ಒಟ್ಟಿಗೆ ಕರೆಯೋದು ಬರೋಬ್ಬರಿ. ಒಬ್ಬನಿಗೆ ಹೇಳಿದರೆ ಗಿರಾಕಿ ಪಕ್ಕದವನ ಹತ್ತಿರ ಹೋಗುತ್ತಾನೆ, ಹೇಳಿಸಿಕೊಂಡವನು ಮರುದಿನವೇ ಮತ್ತೆ ಡಬ್ಬಿ ತೆಗೆಯುತ್ತಾನೆ. ಇನ್ನೊಂದು, ಅವರಿಗೆ ಬೇರೆ ಮಾಲಿನ ದಾರಿ ಹೇಳಿ. ಶೇಂಗಾ, ಪುಟಾಣಿ, ಬಾಳೆಹಣ್ಣು, ಮಜ್ಜಿಗೆ ಪ್ಯಾಕೆಟ್. ಮಜ್ಜಿಗೆಯಲ್ಲಿ ಲಾಭ ಕಡಿಮೆ, ಕೆಡುತ್ತದೆ ಬೇರೆ. ಫ್ರಿಜ್ ಇದ್ದವನಿಗೆ ಮಾತ್ರ ಆಗುತ್ತದೆ.

ವಿದ್ಯಾನಗರ ಪಿಜಿ

ಆಶಾ ಅಕ್ಕನ ಟೇಪನ್ನು ಪಾರ್ಕಿಗೆ ಕರೆಸಬಹುದಾ? ಹೆಣ್ಣುಮಕ್ಕಳಿಗೆ ಬೇರೆ ಹೊತ್ತು, ಪರದೆ ಹಾಕಿ. ನಾನೂ ಬರುತ್ತೇನೆ.

ಆಶಾ ಕಾರ್ಯಕರ್ತೆ, ಹಳೇ ಹುಬ್ಬಳ್ಳಿ ಕಡೆ

ನಿಮ್ಮ ಏರಿಯಾಕ್ಕೆ ಬೇರೆ ಆಶಾ ಇರುತ್ತಾರೆ, ಹತ್ತಿರದ ಆರೋಗ್ಯ ಕೇಂದ್ರದಲ್ಲಿ ನರ್ಸ್ ಅಕ್ಕನಿಗೆ ಒಂದು ಪತ್ರ ಕೊಡಿ, ಕಳಿಸುತ್ತಾರೆ. ಬಿಪಿ-ಶುಗರ್ ಕೂಡ ಅಲ್ಲೇ ನೋಡಬಹುದು. ಮುಂಜಾನೆ ಬರೋದಾದರೆ ಚಾ ಕುಡಿಯದೆ ಬನ್ನಿ. ಹೆಣ್ಣುಮಕ್ಕಳನ್ನು ಮುಂಜಾನೆ ಕರೆಯಬೇಡಿ, ಡಬ್ಬಿ ಕಟ್ಟುವ ಹೊತ್ತು, ಯಾರೂ ಬರಲ್ಲ. ಮಧ್ಯಾಹ್ನ ಮೂರಕ್ಕೆ ಇಡಿ. ಕುರ್ಚಿ ಎರಡು, ಟೇಬಲ್ ಒಂದು, ಒಂದು ಹಳೇ ಸೀರೆ ಪರದೆಗೆ. ಬಿಪಿ ಮಷಿನ್ನಿಗೆ ಸೆಲ್ ಮಾತ್ರ ಹೊಸವು ತಂದಿಡಿ, ನಡುವೆ ಬಂದ್ ಬೀಳುತ್ತದೆ.